ಒಂದು ಹೆಸರಿನ ಯಾತ್ರೆ

ಹಾಸನದ ಸೀಮೆಯಲ್ಲಿ ಚನ್ನರಾಯಪಟ್ಟಣವೆಂಬ ಊರು ಇರುವುದು ಶ್ರೋತೃಗಳೆಲ್ಲರಿಗೂ ತಿಳಿದ ವಿಷಯವೇ. ಅದಕ್ಕೆ ಮೊದಲು ಇದ್ದ ಹೆಸರು ಕೊಳತೂರು. ಸುಮಾರು ೧೬೦೦ರಲ್ಲಿ ಹೊಳೆನರಸೀಪುರದ ಪಾಳೆಯಗಾರನಾದ ಲಕ್ಷ್ಮಪ್ಪನಾಯಕನು ಆ ಊರನ್ನು ವಶಪಡಿಸಿಕೊಂಡು ತನ್ನ ಮಗನಿಗೆ ಜಹಗೀರಾಗಿ ಕೊಟ್ಟನೆಂದೂ, ಚೆನ್ನಿಗರಾಯಸ್ವಾಮಿಯ ಅನುಗ್ರಹದಿಂದ ಜನಿಸಿದವನೆಂಬ ನಂಬಿಕೆಯಿಂದ ಆ ಮಗನಿಗೆ ಚನ್ನರಾಯನೆಂದು ನಾಮಕರಣ ಮಾಡಿದ್ದನೆಂದೂ, ಊರಿನ ಈಗಿನ ಹೆಸರು ಅವನಿಂದಲೇ ಬಂದಿತೆಂದೂ ಹಳೆಯ ಗೆಜೆಟಿಯರುಗಳು ಹೇಳುತ್ತವೆ. ದೇವರ ಹೆಸರು ಮನುಷ್ಯನಿಗೆ, ಮನುಷ್ಯನ ಹೆಸರು ಊರಿಗೆ: ಹೀಗೆ ಮೂರು ಮೆಟ್ಟಿಲನ್ನು ಒಂದೇ ಶಬ್ದವು ಹತ್ತಿ ಇಳಿದಿದೆ.

ಅದೇ ತಾಲ್ಲೂಕಿನಲ್ಲಿ ಬಾಗೂರೆಂಬ ಹೋಬಳಿಯ ಊರೊಂದುಂಟು. ಆದರೆ ಬಾಗೂರೆಂದಮಾತ್ರಕ್ಕೆ ಯಾವ ಬಾಗೂರೆಂದು ಕೇಳುವವರು ಕೇಳುವರು. ಚಿತ್ರದುರ್ಗದ ಕಡೆ ಹೊಸದುರ್ಗದ ತಾಲ್ಲೂಕಿನಲ್ಲಿಯೂ ಒಂದು ಬಾಗೂರು ಇದೆ. ನರಸೀಪುರಗಳ ಗೊಂದಲವಂತೂ ಪ್ರಸಿದ್ಧವಾದದ್ದು. ಹೇಮಾವತಿಯ ದಡದ ಊರು ಹೊಳೆನರಸೀಪುರವೆನಿಸಿತು. ಕಾವೇರಿ ಕಪಿಲೆಗಳು ಕೂಡುವೆಡೆಯ ಊರು ತಿರುಮಕೂಡಲು ನರಸೀಪುರವೆನಿಸಿತು. ದೇವರೊಬ್ಬನೇ, ಹೆಸರೊಂದೇ, ಹೊಳೆಯೋ ಕೂಡಲೋ ಬಂದು ಇದು ಯಾವುದು ಅದು ಯಾವುದು ಎಂಬುದನ್ನು ತಿಳಿಸಬೇಕಾಯಿತು.

ಈ ಪದ್ಧತಿಯು ನಮ್ಮ ನಾಡಿಗೆ ಮಾತ್ರ ಸಲ್ಲುವುದೆಂದು ಭಾವಿಸಬೇಕಾಗಿಲ್ಲ. ಫ್ರಾನ್ಸ್ ದೇಶದ ಭೂಪಟವನ್ನು ಬಿಚ್ಚಿದರೆ 'ಸಂತ' ಎಂಬರ್ಥದ ಶಬ್ದದಿಂದ ಮೊದಲಾಗುವ ಗ್ರಾಮಗಳು ಸಾವಿರಗಟ್ಟಲೆ ಕಾಣುತ್ತವೆ. ಸಂತ ಮಾರ್ತಿನ್, ಸಂತ ದೆನಿ, ಸಂತ ಇಲೇರ್, ಸಂತ ಎತಿಯೆನ್ ಎಂದು ಒಂದೊಂದು ಹೆಸರಿಗೂ ಹತ್ತಾರು ಊರುಗಳು. ಊರುಗಳಿಂದ ಮನೆತನಗಳಿಗೂ, ಮನೆತನಗಳಿಂದ ವಿದ್ವಾಂಸರಿಗೂ ಯೋಧರಿಗೂ ಆ ಹೆಸರುಗಳು ಹರಿದುಹೋಗಿವೆ. ಇವುಗಳಲ್ಲಿ ಎತಿಯೆನ್ ಎಂಬ ಒಂದನ್ನೇ ಹಿಡಿದು ಅದರ ಯಾತ್ರೆಯನ್ನು ಹಿಂಬಾಲಿಸುವುದು ನನ್ನ ಉದ್ದೇಶ. ಈ ಯಾತ್ರೆಯು ಯೆರೂಸಲೇಮಿನಲ್ಲಿ ಹೊರಟು, ಫ್ರಾನ್ಸನ್ನು ಹಾಯ್ದು, ಕಡೆಗೆ ಹೇಮಾವತಿಯ ದಡಕ್ಕೇ ಬಂದು ಸೇರುವುದನ್ನು ಶ್ರೋತೃಗಳು ಕಾಣುವರು.

ಈ ಹೆಸರಿನ ಮೂಲಪುರುಷನು ಕ್ರೈಸ್ತಮತದ ಮೊಟ್ಟಮೊದಲ ಹುತಾತ್ಮನು. ಕನ್ನಡ ಬೈಬಲಿನಲ್ಲಿ ಅವನನ್ನು ಸ್ತೆಫನನೆಂದು ಕರೆದಿದೆ. ಯೆರೂಸಲೇಮಿನ ಚಿಕ್ಕ ಕ್ರೈಸ್ತ ಸಮುದಾಯದಲ್ಲಿ ಬಡ ವಿಧವೆಯರಿಗೆ ಆಹಾರವನ್ನು ಹಂಚುವ ಕೆಲಸಕ್ಕೆ ನೇಮಿತರಾದ ಏಳು ಮಂದಿಯಲ್ಲಿ ಅವನೂ ಒಬ್ಬನು. ಧರ್ಮನಿಂದೆಯ ಆಪಾದನೆಯನ್ನು ಹೊರಿಸಿ ಊರಿನ ಹೊರಗೆ ಅವನನ್ನು ಕಲ್ಲೆಸೆದು ಕೊಂದರು. ಕಲ್ಲೆಸೆಯುವವರು ತಮ್ಮ ಮೇಲುಹೊದಿಕೆಗಳನ್ನು ಸೌಲನೆಂಬ ಯುವಕನ ಕಾಲ ಬಳಿ ಇಟ್ಟಿದ್ದರೆಂದೂ, ಸಾಯುವವನು ಅವರನ್ನು ಕ್ಷಮಿಸೆಂದು ಬೇಡಿಕೊಂಡನೆಂದೂ ಆ ಗ್ರಂಥವು ಹೇಳುತ್ತದೆ. ಈ ಸೌಲನೇ ಮುಂದೆ ಪೌಲನಾದವನು. ಅವನ ಮಾತು ಇನ್ನೊಮ್ಮೆ ಬರಲಿದೆ.

ಸ್ತೆಫನೋಸ್ ಎಂಬುದು ಗ್ರೀಕ್ ಭಾಷೆಯ ಮಾತು. ಮುಕುಟ ಅಥವಾ ಗೆದ್ದವನ ತಲೆಗೆ ಮುಡಿಸುವ ಮಾಲೆ ಎಂದು ಅದರ ಅರ್ಥ. ಕ್ರಿ. ಶ. ೪೧೫ರಲ್ಲಿ ಯೆರೂಸಲೇಮಿನ ಸಮೀಪದಲ್ಲಿ ಈತನ ಅವಶೇಷಗಳು ದೊರೆತುವೆಂಬ ಸುದ್ದಿ ಹಬ್ಬಿದಮೇಲೆ ಪಶ್ಚಿಮದೇಶಗಳಲ್ಲಿ ಇವನ ಭಕ್ತಿಯು ಬಹುಬೇಗ ಬೆಳೆಯಿತು. ಆಗಿನ ಗಾಲ್ ದೇಶದ ಪಟ್ಟಣಗಳಲ್ಲಿ ಇವನ ಹೆಸರಿನ ದೊಡ್ಡ ದೇವಾಲಯಗಳು ಎದ್ದುವು. ಬೂರ್ಜ್, ಸಾನ್ಸ್, ಮೆತ್ಸ್, ತುಲೂಜ್ ಮೊದಲಾದ ನಗರಗಳ ಮುಖ್ಯ ದೇವಾಲಯಗಳು ಇಂದಿಗೂ ಇವನ ಹೆಸರಿನಲ್ಲಿಯೇ ಇವೆ.

ಆದರೆ ಸ್ತೆಫನೋಸ್ ಎಂಬುದು ಎತಿಯೆನ್ ಆದುದು ಹೇಗೆ? ಕೇಳಿದ ಕೂಡಲೆ ಇವೆರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ತೋರದು. ಇದನ್ನು ತಿಳಿಯಲು ಶಬ್ದಶಾಸ್ತ್ರದ ದೊಡ್ಡ ಗ್ರಂಥಗಳು ಬೇಕಿಲ್ಲ; ನಮ್ಮ ಹಳ್ಳಿಯ ಮಾತನ್ನು ಕಿವಿಗೊಟ್ಟು ಕೇಳಿದರೆ ಸಾಕು. ಹಳ್ಳಿಯ ಹಿರಿಯರು ಸ್ಕೂಲನ್ನು 'ಇಸ್ಕೂಲು' ಎಂದೂ, ಸ್ಟೇಷನ್ನನ್ನು 'ಇಸ್ಟೇಶನ್ನು' ಎಂದೂ ಹೇಳುವರಷ್ಟೆ. ಮೊದಲಲ್ಲಿಯೇ ಸಕಾರದ ಒತ್ತಕ್ಷರ ಬಂದರೆ ನಾಲಗೆಯು ಒಂದು ಸ್ವರವನ್ನು ಮುಂದಿಟ್ಟುಕೊಂಡು ಹೊರಡುತ್ತದೆ. ಲ್ಯಾಟಿನನ್ನು ಆಡುತ್ತಿದ್ದ ಗಾಲ್ ದೇಶದ ರೈತನೂ ಇದನ್ನೇ ಮಾಡಿದನು. ಸ್ತೆಫನುಸ್ ಎಂಬುದು ಅವನ ಬಾಯಲ್ಲಿ 'ಎಸ್ತಿಯೆನ್' ಆಯಿತು, ನಡುವಣ ಫಕಾರವು ಸವೆದುಹೋಯಿತು. ಕೆಲವು ಶತಮಾನಗಳು ಕಳೆದಮೇಲೆ ಸಕಾರವೂ ಬಿದ್ದುಹೋಗಿ 'ಎತಿಯೆನ್' ಉಳಿಯಿತು. ದಕ್ಷಿಣ ಫ್ರಾನ್ಸಿನವರು ಅದನ್ನು ಎಸ್ತೇವ್ ಎಂದರು. ಸ್ಪೇನಿನವರು ಎಸ್ತೇಬಾನ್ ಎಂದರು. ಹಂಗೇರಿಯವರು ಇಶ್ತ್ವಾನ್ ಎಂದರು. ಪೋರ್ಚುಗೀಸರು ಎಸ್ತೇವಾಂವ್ ಎನ್ನುತ್ತ ನಮ್ಮ ನೆರೆಯ ಗೋವೆಯ ತಿಸವಾಡಿಯ ಒಂದು ದ್ವೀಪಕ್ಕೆ ಆ ಹೆಸರನ್ನೇ ಇಟ್ಟರು. ಇಸ್ಕೂಲೆಂದವನನ್ನು ಕಂಡು ನಗುವ ಪಟ್ಟಣಿಗರು, ಫ್ರಾನ್ಸಿನ ಮಹಾನಗರವೊಂದು ಅದೇ 'ತಪ್ಪಿ'ನಿಂದಲೇ ತನ್ನ ಹೆಸರನ್ನು ಪಡೆದಿದೆಯೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಆ ಮಹಾನಗರವೇ ಸೇಂತ್ ಎತಿಯೆನ್. ಲ್ಯೋನ್ ಪಟ್ಟಣದ ನೈರುತ್ಯಕ್ಕೆ ಫ್ಯುರಾನ್ ಎಂಬ ಚಿಕ್ಕ ಹೊಳೆಯ ಕಣಿವೆಯಲ್ಲಿ, ಸಂತನ ಗುಡಿಯೊಂದರ ಸುತ್ತಲೂ ಬೆಳೆದ ಹಳ್ಳಿ ಅದು. ನೆಲದಲ್ಲಿ ಕಲ್ಲಿದ್ದಲು ದೊರೆಯುತ್ತಿದ್ದುದರಿಂದಲೂ ಹೊಳೆಯ ನೀರು ಉಕ್ಕನ್ನು ಹದಗೊಳಿಸಲು ಒದಗಿದುದರಿಂದಲೂ ಅಲ್ಲಿ ಆಯುಧಗಳ ಕೆಲಸವು ಬೆಳೆಯಿತು. ೧೭೬೪ರಲ್ಲಿ ಅರಸನ ಅಪ್ಪಣೆಯಿಂದ ಬಂದೂಕುಗಳ ಕಾರ್ಖಾನೆಯು ಸ್ಥಾಪಿತವಾಯಿತು. ರೇಷ್ಮೆಯ ಪಟ್ಟಿಗಳ ನೇಯ್ಗೆಗೂ ಅದು ಹೆಸರಾಯಿತು. ೧೮೨೭ರಲ್ಲಿ ಫ್ರಾನ್ಸಿನ ಮೊಟ್ಟಮೊದಲ ಕಬ್ಬಿಣದ ಹಳಿಯ ಹಾದಿಯು ಇಲ್ಲಿಂದ ಆಂದ್ರೆಜಿಯೂ ಎಂಬ ಊರಿಗೆ, ಕಲ್ಲಿದ್ದಲನ್ನು ಸಾಗಿಸಲು, ಹೊರಟಿತು. ಆಗ ಬಂಡಿಗಳನ್ನು ಎಳೆಯುತ್ತಿದ್ದುವು ಕುದುರೆಗಳು. ಕಲ್ಲೇಟಿನಿಂದ ಸತ್ತು ಕೊಂದವರಿಗೆ ಕ್ಷಮೆಯನ್ನು ಬೇಡಿದವನ ಹೆಸರಿನ ಊರು ದೇಶಕ್ಕೆಲ್ಲ ಬಂದೂಕುಗಳನ್ನು ಒದಗಿಸಿತೆಂಬುದು ವಿಚಿತ್ರವೇ ಸರಿ. ಆದರೆ ಹೆಸರುಗಳು ಊರಿನ ಶೀಲವನ್ನು ಕಾಯುವ ಕೆಲಸವನ್ನು ಎಂದೂ ವಹಿಸಿಕೊಂಡಿಲ್ಲ. ಇನ್ನೊಂದು ಸೊಗಸೂ ಇಲ್ಲುಂಟು. ಊರು ಎತಿಯೆನ್ ಆದರೂ ಆ ಊರಿನವರನ್ನು 'ಸ್ತೆಫನ್ವಾ' ಎಂದೇ ಕರೆಯುವರು. ಊರಿನ ಹೆಸರಿನಲ್ಲಿ ಸವೆದುಹೋದ ಹಳೆಯ ಗ್ರೀಕ್ ರೂಪವು ಊರಿನವರ ಹೆಸರಿನಲ್ಲಿ ಅಡಗಿ ಕುಳಿತಿದೆ.

ಸೇಂತ್ ಎತಿಯೆನ್ ಎಂಬ ಹೆಸರು ಒಂದೇ ಊರಿನದಾಗಿರಲಿಲ್ಲವಾದುದರಿಂದ, ನಮ್ಮ ನರಸೀಪುರಗಳಂತೆಯೇ ಅವಕ್ಕೂ ಬಾಲಗಳು ಬೇಕಾದುವು. ಆಲ್ಪ್ಸ್ ಪರ್ವತಗಳಲ್ಲಿ ತಿನೇ ಎಂಬ ನದಿಯ ಬಳಿಯಿರುವುದು 'ತಿನೇಯ ಸೇಂತ್ ಎತಿಯೆನ್'. ಹೊಳೆನರಸೀಪುರಕ್ಕೆ ಇದು ಸರಿಯಾದ ಜೋಡಿ. ಪಿರನೀಸ್ ಬೆಟ್ಟಗಳ ಬಾಸ್ಕ್ ಜನರ ನಾಡಿನಲ್ಲಿ 'ಬೈಗೊರಿಯ ಸೇಂತ್ ಎತಿಯೆನ್' ಇದೆ. ಪ್ಯಾರಿಸ್ಸಿನಲ್ಲಿಯೇ 'ದಿಬ್ಬದ ಸೇಂತ್ ಎತಿಯೆನ್' ಎಂಬ ಗುಡಿಯುಂಟು; ಪಾಸ್ಕಲ್ ಎಂಬ ತತ್ತ್ವಜ್ಞನ ಮತ್ತು ರಾಸೀನ್ ಎಂಬ ನಾಟಕಕವಿಯ ದೇಹಗಳು ಅಲ್ಲಿ ವಿಶ್ರಮಿಸಿವೆ.

ಇನ್ನು ಜನರ ಮಾತು. ಹದಿನಾರನೆಯ ಶತಮಾನದಲ್ಲಿ ಎಸ್ತಿಯೆನ್ ಎಂಬ ಮುದ್ರಣಕಾರರ ಮನೆತನವೊಂದು ಪ್ಯಾರಿಸ್ಸಿನಲ್ಲಿ ಪ್ರಸಿದ್ಧವಾಗಿತ್ತು. ಹೊಸ ಒಡಂಬಡಿಕೆಯನ್ನು ಇಂದು ನಾವು ಅಧ್ಯಾಯ, ವಚನ ಎಂದು ಲೆಕ್ಕಹಿಡಿದು ಉದಾಹರಿಸುವುದು ರೋಬೆರ್ ಎಸ್ತಿಯೆನ್ ೧೫೫೧ರಲ್ಲಿ ಅಚ್ಚುಹಾಕಿದ ಆವೃತ್ತಿಯ ಫಲ. ಅವನ ಮಗ ಆಂರಿ ೧೫೭೮ರಲ್ಲಿ ಪ್ಲೇಟೋವಿನ ಗ್ರಂಥಗಳನ್ನು ಪ್ರಕಟಿಸಿದನು. ಲೋಕದ ಯಾವ ವಿಶ್ವವಿದ್ಯಾಲಯದಲ್ಲಿಯೇ ಆಗಲಿ ಪ್ಲೇಟೋವನ್ನು ಉದಾಹರಿಸುವವರು ಇಂದಿಗೂ ಆ ಆವೃತ್ತಿಯ ಪುಟಸಂಖ್ಯೆಗಳನ್ನೇ ಕೊಡುತ್ತಾರೆ; ಅವನ್ನು 'ಸ್ತೆಫನುಸ್ ಸಂಖ್ಯೆ'ಗಳೆಂದು ಕರೆಯುವುದು ರೂಢಿ. ವಿದ್ವಾಂಸರ ಕೈಗೆ ಬಂದಾಗ ಎಸ್ತಿಯೆನ್ ಮತ್ತೆ ಸ್ತೆಫನುಸ್ ಆದನು. ೧೬೬೬ರಲ್ಲಿ ಸೂರತ್ತಿಗೆ ಬಂದಿಳಿದು ಗೋಲ್ಕೊಂಡದವರೆಗೂ ಸಂಚರಿಸಿ ಪ್ರವಾಸವೃತ್ತಾಂತವನ್ನು ಬರೆದ ತೆವೆನೋ ಎಂಬ ಪ್ರಯಾಣಿಕನ ಮನೆತನದ ಹೆಸರೂ ಎತಿಯೆನ್ ಎಂಬುದರ ಮುದ್ದಿನ ರೂಪದಿಂದಲೇ ಬಂದುದು. ೧೭೫೯ರಲ್ಲಿ ಕೆಲವೇ ತಿಂಗಳು ಹಣಕಾಸಿನ ಮಂತ್ರಿಯಾಗಿದ್ದ ಎತಿಯೆನ್ ದ ಸಿಲ್ಹುವೆತ್ ಎಂಬಾತನ ಜಿಪುಣತನವನ್ನು ಹಾಸ್ಯಮಾಡುತ್ತ, ಬರಿಯ ಕಪ್ಪುನೆರಳಿನ ಅಗ್ಗದ ಚಿತ್ರಗಳಿಗೆ ಅವನ ಹೆಸರನ್ನೇ ಜನರು ಅಂಟಿಸಿದರು. ೧೭೮೩ರಲ್ಲಿ ಬಿಸಿಗಾಳಿಯ ಬುಗ್ಗೆಯನ್ನು ಆಕಾಶಕ್ಕೆ ಹಾರಿಸಿದ ಮೋಂಗೋಲ್ಫಿಯೇ ಸೋದರರಲ್ಲಿ ಕಿರಿಯನು ಝಾಕ್ ಎತಿಯೆನ್. ಪ್ರಾಣಿಶಾಸ್ತ್ರಜ್ಞನಾದ ಎತಿಯೆನ್ ಝೊಫ್ರುವಾ ಸೇಂತ್ ಇಲೇರ್ ಎಂಬಾತನು ಇಬ್ಬರು ಸಂತರನ್ನು ಒಂದೇ ಹೆಸರಿನಲ್ಲಿ ಹೊತ್ತಿದ್ದನು. ಎಲ್ಲಕ್ಕಿಂತ ಆಶ್ಚರ್ಯದವನು ರಬೋ ಸೇಂತ್ ಎತಿಯೆನ್. ಇವನು ಸಂತರ ಪೂಜೆಯನ್ನು ಒಪ್ಪದ ಪ್ರಾಟೆಸ್ಟೆಂಟ್ ಪಂಥದ ಬೋಧಕನು. ಆ ಪಂಥವು ದೇಶದಲ್ಲಿ ನಿಷಿದ್ಧವಾಗಿದ್ದ ಕಾಲದಲ್ಲಿ ಈ ಹೆಸರನ್ನು ಧರಿಸಿದನು. ತನ್ನ ಜನರಿಗೆ ೧೭೮೭ರಲ್ಲಿ ಸಹಿಷ್ಣುತೆಯ ಶಾಸನವು ದೊರೆಯುವಂತೆ ದುಡಿದನು. ಮಹಾಕ್ರಾಂತಿಯ ಸಭೆಗೆ ೧೭೯೦ರಲ್ಲಿ ಅಧ್ಯಕ್ಷನಾದನು. ೧೭೯೩ರ ಡಿಸೆಂಬರಿನಲ್ಲಿ ಆ ಕ್ರಾಂತಿಯೇ ಅವನ ತಲೆಯನ್ನು ತೆಗೆಯಿತು.

ಅದೇ ಕಾಲದಲ್ಲಿ ಕ್ರಾಂತಿಕಾರರು ಸಂತರ ಹೆಸರುಗಳ ತಲೆಗಳನ್ನೂ ತೆಗೆಯುತ್ತಿದ್ದರು. ಹಳೆಯ ಮತಾಧಿಕಾರದ ನೆನಪು ಊರಿನ ಹೆಸರಿನಲ್ಲಿಯೂ ಉಳಿಯಬಾರದೆಂದು ನೂರಾರು ಗ್ರಾಮಗಳಿಗೆ ಹೊಸ ಹೆಸರುಗಳು ಬಂದುವು. ಪ್ಯಾರಿಸ್ಸಿನ ಬಳಿಯ ಸೇಂ ದೆನಿ, ಅರಸರ ಸಮಾಧಿಗಳ ಊರು, ಫ್ರಾನ್ಸಿಯಾದ್ ಎನಿಸಿತು. ಸೇಂತ್ ಎತಿಯೆನ್ ಆರ್ಮ್‌ವಿಲ್ ಎನಿಸಿತು, ಎಂದರೆ ಆಯುಧಪುರಿ. ಹೊಸ ಹೆಸರು ಊರಿನ ಕಸುಬಿಗೆ ಸಂತನ ಹೆಸರಿಗಿಂತ ಹೆಚ್ಚಾಗಿಯೇ ಹೊಂದುತ್ತಿತ್ತೆಂಬುದನ್ನು ಒಪ್ಪಬೇಕು. ಆದರೂ ಕೆಲವೇ ವರ್ಷಗಳಲ್ಲಿ ಆ ಹೆಸರುಗಳು ಉದುರಿಹೋದುವು. ಸಂತರು ತಮ್ಮ ಊರುಗಳಿಗೆ ಹಿಂದಿರುಗಿದರು. ಸಂತನ ಹೆಸರು ಅಷ್ಟರಲ್ಲಿ ಭಕ್ತಿಯ ವಿಷಯವಾಗಿ ಮಾತ್ರ ಉಳಿದಿರಲಿಲ್ಲ; ಅದು ಸಂತೆಗೆ ಹೋಗುವ ದಾರಿಯ ಹೆಸರಾಗಿತ್ತು, ಮಾವನ ಮನೆಯ ಹೆಸರಾಗಿತ್ತು. ಅದನ್ನು ಆಜ್ಞಾಪತ್ರದಿಂದ ಅಳಿಸುವುದು ಸುಲಭವಲ್ಲ.

ಈ ಕ್ರಾಂತಿಯ ಅಲೆಯು ನಮ್ಮ ಶ್ರೀರಂಗಪಟ್ಟಣಕ್ಕೂ ತಾಕಿತು. ಟಿಪ್ಪುಸುಲ್ತಾನನ ಸೇವೆಯಲ್ಲಿದ್ದ ಫ್ರೆಂಚರು ೧೭೯೭ರಲ್ಲಿ ರಿಪೋ ಎಂಬವನ ಮುಂದಾಳುತನದಲ್ಲಿ ಅಲ್ಲಿ ಒಂದು ಜಾಕೋಬಿನ್ ಸಂಘವನ್ನು ಕಟ್ಟಿ ಸ್ವಾತಂತ್ರ್ಯವೃಕ್ಷವೊಂದನ್ನು ನೆಟ್ಟರೆಂದು ಆಂಗ್ಲರು ಅನಂತರ ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಅವುಗಳ ಕೆಲವು ವಿವರಗಳನ್ನು ಸಂದೇಹದಿಂದ ಕಾಣುವ ಇತಿಹಾಸಕಾರರೂ ಉಂಟು. ಆ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಹಿರೋಡೆಯ ಬಂಡೆಗಳಿಗೆ 'ಫ್ರೆಂಚ್ ರಾಕ್ಸ್' ಎಂಬ ಹೆಸರು ಬಂದು, ಬಹುಕಾಲ ಭೂಪಟದಲ್ಲಿಯೂ ರೈಲುನಿಲ್ದಾಣದಲ್ಲಿಯೂ ನಿಂತಿತ್ತು. ಇಂದು ಆ ಊರು ಪಾಂಡವಪುರ. ಸೈನ್ಯವೂ ಭೂಪಟವೂ ಕೊಟ್ಟ ಹೆಸರು ಸೈನ್ಯದಂತೆಯೇ ಬಂದು ಸೈನ್ಯದಂತೆಯೇ ಹೊರಟುಹೋಯಿತು.

ಆ ಸೈನ್ಯದ ಹಿಂದೆಯೇ ಇನ್ನೊಂದು ಬಗೆಯ ಫ್ರೆಂಚನು ಶ್ರೀರಂಗಪಟ್ಟಣಕ್ಕೆ ಬಂದನು. ಅವನು ನಮ್ಮವರು ಅಬೆ ದುಬಾಯ್ ಎಂದು ಕರೆಯುವ ಝಾನ್ ಆಂತ್ವಾನ್ ದುಬುವಾ. ಸುಮಾರು ೧೭೬೬ರಲ್ಲಿ ದಕ್ಷಿಣ ಫ್ರಾನ್ಸಿನ ಆರ್ದೆಶ್ ಪ್ರಾಂತದ ಸೇಂ ರೆಮೇಜ್ ಎಂಬ ಹಳ್ಳಿಯಲ್ಲಿ ಜನಿಸಿದವನು. ಅವನ ಹುಟ್ಟೂರಿಗೂ ಸಂತನೊಬ್ಬನ ಹೆಸರೇ. ೧೭೯೨ರಲ್ಲಿ, ಕ್ರಾಂತಿಯು ಪಾದ್ರಿಗಳ ಮೇಲೆ ತಿರುಗಿದ ವರ್ಷದಲ್ಲಿ, ದೀಕ್ಷೆಯನ್ನು ಪಡೆದು ಅದೇ ವರ್ಷ ಭಾರತಕ್ಕೆ ಹೊರಟನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದನು. ತಲೆಗೆ ರುಮಾಲು, ಕೈಯಲ್ಲಿ ಕೋಲು, ನಮ್ಮವರದೇ ಉಡುಪು, ನಮ್ಮವರದೇ ಊಟ. ಜನರು ಅವನನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಸಿಡುಬಿಗೆ ಹೊಸದಾಗಿ ಕಂಡುಹಿಡಿದಿದ್ದ ದೇವಿಹಾಕುವ ಪದ್ಧತಿಯನ್ನು ಈ ಸೀಮೆಯಲ್ಲಿ ಹರಡಲು ಅವನು ಪಟ್ಟ ಶ್ರಮವು ದೊಡ್ಡದು. ೧೮೦೩-೦೪ರಲ್ಲಿ ೨೫,೪೩೨ ಜನರಿಗೆ ದೇವಿಹಾಕಿದ ಲೆಕ್ಕವು ದಾಖಲೆಯಲ್ಲಿದೆ. ಹಾಸನದ ಬಳಿಯ ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲಿಗರ ಒಂದು ಬೇಸಾಯದ ನೆಲೆಯನ್ನು ಏರ್ಪಡಿಸಿದನು. ನಮ್ಮ ಜನರ ಆಚಾರವ್ಯವಹಾರಗಳನ್ನು ಕುರಿತು ಅವನು ಕೊಟ್ಟ ಹಸ್ತಪ್ರತಿಯನ್ನು ಕುಂಪಣಿಯವರು ಎರಡು ಸಾವಿರ ವರಹಗಳಿಗೆ ಕೊಂಡು ೧೮೧೬ರಲ್ಲಿ ಇಂಗ್ಲಿಷಿನಲ್ಲಿ ಅಚ್ಚುಹಾಕಿಸಿದರು. ಆ ಗ್ರಂಥದ ಬಹುಭಾಗಕ್ಕೆ ಹಿಂದಿನ ಶತಮಾನದ ಜೆಸ್ವಿತ್ ಪಾದ್ರಿ ಕೇರ್ದೂ ಎಂಬವನ ಬರಹವು ಆಧಾರವಾಗಿತ್ತೆಂದು ಇಪ್ಪತ್ತನೆಯ ಶತಮಾನದ ಸಂಶೋಧನೆಯು ತೋರಿಸಿಕೊಟ್ಟಿದೆ.

ದುಬುವಾನ ಬಾಳಿನ ನಿಜವಾದ ದುಃಖವು ಬೇರೆ. ೧೮೨೩ರಲ್ಲಿ ಭಾರತವನ್ನು ಬಿಟ್ಟ ವರ್ಷವೇ ಪ್ರಕಟವಾದ ತನ್ನ ಪತ್ರಗಳಲ್ಲಿ ಅವನು, ಈ ದೇಶದಲ್ಲಿ ತನ್ನ ಮತವು ಬೇರೂರಲಾರದೆಂದೂ ಮೂವತ್ತು ವರ್ಷಗಳ ತನ್ನ ದುಡಿಮೆ ಫಲಿಸಲಿಲ್ಲವೆಂದೂ ಮುಚ್ಚುಮರೆಯಿಲ್ಲದೆ ಬರೆದನು. ಅನಂತರ ಪ್ಯಾರಿಸ್ಸಿನಲ್ಲಿ ತನ್ನ ಮಿಷನ್ ಸಂಘದ ಮುಖ್ಯಸ್ಥನಾಗಿಯೂ ಇದ್ದು ೧೮೪೮ರಲ್ಲಿ ತೀರಿಕೊಂಡನು. ಅವನ ನಿರಾಶೆಗೆ ಕಾರಣಗಳಿದ್ದಿರಬಹುದು. ಆದರೆ ಅವನು ಎಣಿಸಿದುದು ಮತಕ್ಕೆ ಸೇರಿದವರ ತಲೆಗಳನ್ನು. ಸಾತಳ್ಳಿಯಂಥ ಊರುಗಳ ತೊಟ್ಟಿಲುಗಳಲ್ಲಿ ನಡೆಯುತ್ತಿದ್ದ ನಾಮಕರಣಗಳನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಂತೆ ತೋರುವುದಿಲ್ಲ.

ದುಬುವಾನ ತರುವಾಯ ಅದೇ ಸಂಘದಿಂದ ಬಂದವನು ನಮ್ಮ ಕಥೆಯ ಎತಿಯೆನ್. ಎತಿಯೆನ್ ಲೂಯಿ ಶಾರ್ಬೊನೋ ಎಂಬ ಈ ಫ್ರೆಂಚನು ೧೮೫೦ರಿಂದ ೧೮೭೩ರಲ್ಲಿ ಬೆಂಗಳೂರಿನಲ್ಲಿ ಮಡಿಯುವವರೆಗೂ ಮೈಸೂರು ಸೀಮೆಯ ಕಥೋಲಿಕರಿಗೆ ಬಿಷಪ್ಪನಾಗಿದ್ದನು. ಕನ್ನಡವನ್ನು ಚೆನ್ನಾಗಿ ಬಲ್ಲವನು. ೧೮೫೫ರಲ್ಲಿ ಕನ್ನಡ-ಲ್ಯಾಟಿನ್ ನಿಘಂಟೊಂದೂ, ೧೮೬೧ರಲ್ಲಿ ಲ್ಯಾಟಿನ್-ಕನ್ನಡ ನಿಘಂಟೊಂದೂ ಬೆಂಗಳೂರಿನಲ್ಲಿ ಅಚ್ಚಾದುವು. ಕರ್ತೃವಿನ ಜಾಗದಲ್ಲಿ ಎತಿಯೆನ್ ಎಂಬ ಹೆಸರಿಲ್ಲ. ಬಿಷಪ್ಪನ ಅಧಿಕಾರನಾಮ ಮಾತ್ರ ಇದೆ. ಮೂರು ಶತಮಾನಗಳ ಹಿಂದೆ ಪ್ಯಾರಿಸ್ಸಿನ ಎಸ್ತಿಯೆನ್ ಮನೆತನದವರು ಲ್ಯಾಟಿನ್ ಗ್ರೀಕ್ ನಿಘಂಟುಗಳನ್ನು ರಚಿಸಿ ಹೆಸರಾದರು. ಬೆಂಗಳೂರಿನ ಎತಿಯೆನ್ ಅದೇ ಕೆಲಸವನ್ನು ಕನ್ನಡಕ್ಕೆ ಮಾಡಿ ತನ್ನ ಹೆಸರನ್ನು ಮರೆಸಿಕೊಂಡನು.

ಈ ಬಿಷಪ್ಪನ ಕಾಲದಲ್ಲಿಯೇ, ೧೮೬೦ರ ದಶಕದಲ್ಲಿ, ಫ್ರೆಂಚ್ ಪಾದ್ರಿಗಳು ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ, ಹೇಮಾವತಿಯ ದಡದಲ್ಲಿ, ಎತ್ತರವಾದ ಕಮಾನುಗಳ ಒಂದು ಚರ್ಚನ್ನು ಕಟ್ಟಿಸಿದರೆಂದು ಹೇಳುವರು. ಬೂರ್ಜ್ ಮೆತ್ಸ್ ನಗರಗಳ ಸೇಂತ್ ಎತಿಯೆನ್ ದೇವಾಲಯಗಳ ಕಮಾನುಗಳನ್ನು ಚಿತ್ರದಲ್ಲಿ ಕಂಡವರಿಗೆ ಶೆಟ್ಟಿಹಳ್ಳಿಯ ಗೋಡೆಗಳ ಬಂಧುತ್ವವು ಕೂಡಲೆ ತಿಳಿಯುತ್ತದೆ.

ಆದರೆ ಹೆಸರುಗಳ ದೃಷ್ಟಿಯಿಂದ ನೋಡಿದರೆ ಹೆಚ್ಚಿನ ಕಟ್ಟಡವು ಜನರ ಬಾಯಲ್ಲಿ ಎದ್ದಿತು. ತಮಿಳುನಾಡಿನ ಹಳೆಯ ಕ್ರೈಸ್ತ ಸಮುದಾಯಗಳು ಸಂತರ ಹೆಸರುಗಳನ್ನು ಎರಡು ಬಗೆಯಾಗಿ ತಮ್ಮವಾಗಿ ಮಾಡಿಕೊಂಡಿದ್ದುವು. ಕೆಲವನ್ನು ಅರ್ಥದಿಂದ ಅನುವಾದಿಸಿದರು. ಸ್ತೆಫನನೆಂದರೆ ಮುಕುಟವಾದುದರಿಂದ ಅವನು ಮುಡಿಯಪ್ಪನಾದನು. ಯೋಹಾನನೆಂದರೆ ದೇವರ ಕೃಪೆ, ಅವನು ಅರುಳಪ್ಪನಾದನು. ಸ್ತೆಫನನ ಕೊಲೆಯ ದಿನ ಬಟ್ಟೆಗಳನ್ನು ಕಾದಿದ್ದ ಸೌಲನು ಪೌಲನಾದನಷ್ಟೆ. ಲ್ಯಾಟಿನಿನಲ್ಲಿ ಆ ಹೆಸರಿಗೆ 'ಚಿಕ್ಕವನು' ಎಂದರ್ಥ. ತಮಿಳಿನಲ್ಲಿ ಅವನು ಚಿನ್ನಪ್ಪನಾದನು. ಮತ್ತೆ ಕೆಲವನ್ನು ಶಬ್ದದಿಂದಲೇ ಬಗ್ಗಿಸಿದರು: ಯಾಕೋಬನು ಯಾಗಪ್ಪ, ಅಂತೋನಿಯು ಅಂತೋಣಪ್ಪ, ಇಗ್ನಾಸಿಯು ಇನ್ನಾಸಪ್ಪ. ಈ ಹೆಸರುಗಳಲ್ಲಿ ಅನೇಕವು ಮೈಸೂರು ಸೀಮೆಯ ಕನ್ನಡ ಕ್ರೈಸ್ತರ ಮನೆಗಳಿಗೂ ಬಂದುವು. ಕ್ಸೇವಿಯರನು ಚೌರಪ್ಪನಾದನು, ಜೋಸೆಫನು ಜೋಜಪ್ಪನಾದನು, ಪೇತ್ರನು ರಾಯಪ್ಪನಾದನು. ಚಿನ್ನಪ್ಪನಂತೂ ಕನ್ನಡಕ್ಕೆ ಬಂದಮೇಲೆ ಅರ್ಥವನ್ನೇ ಬದಲಾಯಿಸಿಕೊಂಡನು. ತಮಿಳಿನ 'ಚಿಕ್ಕ' ಕನ್ನಡದ ಕಿವಿಗೆ 'ಬಂಗಾರ'ವಾಗಿ ಕೇಳಿಸಿತು. ತಾನು ಚಿಕ್ಕವನೆಂದು ಹೇಳಿಕೊಂಡವನನ್ನು ನಮ್ಮ ಭಾಷೆಯು ಚಿನ್ನವೆಂದು ಕರೆಯಿತು.

ಇಂಥ ಹೆಸರುಗಳನ್ನು ಕೇಳಿ ನಮ್ಮಲ್ಲಿ ಕೆಲವರು, ಇವು ಪರದೇಶದ ಹೆಸರುಗಳಿಗೆ ಹಾಕಿದ ವೇಷವೆಂದು ಆಡುವುದುಂಟು. ಆ ವಾದವನ್ನು ಒಪ್ಪುವುದಾದರೆ ಎತಿಯೆನ್ ಎಂಬುದೂ ಫ್ರೆಂಚರಿಗೆ ಪರಕೀಯವೆನ್ನಬೇಕು; ಅದು ಗ್ರೀಕ್ ಭಾಷೆಯಿಂದ, ಯೆಹೂದ್ಯರ ನಾಡಿನಿಂದ ಬಂದುದಲ್ಲವೆ? ಸಾವಿರ ವರ್ಷ ಬಾಯಲ್ಲಿ ಆಡಿ, ಸವೆಸಿ, ಮುರಿದು, ತಮ್ಮ ಇಸ್ಕೂಲಿನ ನ್ಯಾಯದಿಂದ ಹೊಸದಾಗಿ ಕಟ್ಟಿದಮೇಲೆ ಅದು ಫ್ರೆಂಚ್ ಹೆಸರಾಯಿತು. ಹೆಸರಿನ ಸ್ವದೇಶವು ಅದು ಹುಟ್ಟಿದ ಸ್ಥಳವಲ್ಲ, ಅದು ಸವೆದ ಸ್ಥಳ. ಜೋಜಪ್ಪ ಚೌರಪ್ಪ ಎಂಬ ಶಬ್ದಗಳು ಪ್ಯಾರಿಸ್ಸಿನಲ್ಲಿ ಯಾರಿಗೂ ಅರ್ಥವಾಗಲಾರವು. ಹಾಸನದ ಸಂತೆಯಲ್ಲಿ ಕೂಗಿದರೆ ಒಬ್ಬರಲ್ಲ ಒಬ್ಬರು ತಿರುಗಿ ನೋಡಿಯಾರು. ಈ ಹೆಸರುಗಳನ್ನು ಹೊತ್ತವರನ್ನು ಹೆಸರಿನ ಮಾತ್ರದಿಂದ ಅನ್ಯರೆಂದು ಎಣಿಸುವುದು ಚರಿತ್ರೆಗೂ ಭಾಷೆಗೂ ವಿರುದ್ಧವಾದುದು.

ಹೆಸರು ಅಧಿಕಾರಕ್ಕೆ ಎಷ್ಟು ಮಟ್ಟಿಗೆ ಅಧೀನವೆಂಬುದಕ್ಕೆ ಮೈಸೂರು ನಗರದಲ್ಲಿಯೇ ಒಂದು ನಿದರ್ಶನವಿದೆ. ೧೮೦೨ರಲ್ಲಿ ರೋಮಿನ ನೆಲಮಾಳಿಗೆಯ ಸಮಾಧಿಯೊಂದರಲ್ಲಿ ಮೂರು ಹಂಚುಗಳ ಮೇಲೆ ಕ್ರಮತಪ್ಪಿದ ಅಕ್ಷರಗಳು ದೊರೆತುವು. ಅವನ್ನು ಜೋಡಿಸಿ ಫಿಲೋಮಿನಾ ಎಂದು ಓದಿದರು. 'ಆದಿಕಾಲದ ಹುತಾತ್ಮಳು' ಎಂದು ಆಕೆಯ ಭಕ್ತಿಯನ್ನು ಲೋಕದಲ್ಲೆಲ್ಲ ಹರಡಿದವರಲ್ಲಿ ಫ್ರೆಂಚರೇ ಮುಂದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ೧೮೪೩ರಲ್ಲಿ ಚರ್ಚಾಗಿದ್ದ ಸ್ಥಳದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ೧೯೩೩ರ ಅಕ್ಟೋಬರ್ ೨೮ರಂದು ಹೊಸ ಮಹಾದೇವಾಲಯಕ್ಕೆ ಅಸ್ತಿಭಾರವನ್ನು ಹಾಕಿದರು. ಅದು ಆಕೆಯ ಹೆಸರಿನಿಂದಲೇ ಪ್ರಸಿದ್ಧವಾಯಿತು. ೧೯೬೧ರಲ್ಲಿ ರೋಮಿನ ಅಧಿಕಾರಿಗಳು ಆಕೆಯ ಹೆಸರನ್ನು ಪಂಚಾಂಗಗಳಿಂದ ತೆಗೆದುಹಾಕಿಸಿದರು. ಮೈಸೂರಿನಲ್ಲಿ ಜಟಕಾಗಾಡಿಯವನೂ ಆಟೋರಿಕ್ಷಾದವನೂ ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಈಗ ನಾವು ಹೊರಟ ಸ್ಥಳಕ್ಕೆ ಹಿಂದಿರುಗೋಣ. ಗೊರೂರಿನಲ್ಲಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಜಲಾಶಯವು ೧೯೭೯ರಲ್ಲಿ ಪೂರೈಸಿತು. ಅದರ ಹಿನ್ನೀರು ಶೆಟ್ಟಿಹಳ್ಳಿಯ ಹಳೆಯ ಊರನ್ನು ಆವರಿಸಿತು. ಜನರು ಹೊಲಮನೆಗಳನ್ನು ಬಿಟ್ಟು ಎದ್ದುಹೋದರು. ಚರ್ಚು ಮಾತ್ರ ಏಳಲಾರದೆ ನಿಂತಿತು. ಮಳೆಗಾಲದಲ್ಲಿ ಅದರ ಗೋಡೆಗಳು ನೀರಿನಲ್ಲಿ ಮುಳುಗುತ್ತವೆ. ಬೇಸಗೆಯಲ್ಲಿ ಮತ್ತೆ ನೆಲವನ್ನು ಕಾಣುತ್ತವೆ. ಛಾವಣಿಯು ಹೋಗಿದೆ, ಕಮಾನುಗಳು ಒಂದೊಂದಾಗಿ ಸಡಿಲುತ್ತಿವೆ. ನೋಡಲು ಬರುವವರು ಆ ಪಾಳುಗೋಡೆಗಳ ಚೆಲುವನ್ನು ಹೊಗಳಿ ಹೋಗುವರು. ಎದ್ದುಹೋದವರು ಯಾರೆಂದು ಕೇಳುವವರು ಕಡಮೆ.

ಆ ಜಲಾಶಯದ ನೀರು ಎಡದಂಡೆಯ ಕಾಲುವೆಯಲ್ಲಿ ಹರಿದು, ಬಾಗೂರು ಮತ್ತು ನವಿಲೆಗಳ ನಡುವೆ ನೆಲದೊಳಗೆ ಕೊರೆದ ಸುರಂಗವನ್ನು ಹೊಕ್ಕು ತುಮಕೂರಿನ ಸೀಮೆಗೆ ಹೋಗುತ್ತದೆ. ಶೆಟ್ಟಿಹಳ್ಳಿಯ ಗೋಡೆಗಳನ್ನು ತೊಯ್ಯಿಸುವ ನೀರೂ ಬಾಗೂರಿನ ಸುರಂಗದಲ್ಲಿ ಹರಿಯುವ ನೀರೂ ಒಂದೇ. ದೂರದ ಹೊಲಗಳಿಗೆ ಅದು ಒಳ್ಳೆಯದನ್ನೇ ಮಾಡಿದೆ. ಅದರ ಬೆಲೆಯನ್ನು ತೆತ್ತವರಲ್ಲಿ ಶೆಟ್ಟಿಹಳ್ಳಿಯವರೂ ಸೇರಿದ್ದಾರೆಂಬುದನ್ನು ಕಾಲುವೆಯ ನೀರನ್ನು ಉಣ್ಣುವವರು ಮರೆಯಬಾರದು.

ಕಲ್ಲಿನಲ್ಲಿ ಕಟ್ಟಿದುದನ್ನು ನೀರು ತೆಗೆದುಕೊಳ್ಳುತ್ತಿದೆ. ಕ್ರಾಂತಿಯು ಇಟ್ಟ ಹೆಸರುಗಳನ್ನು ಕಾಲವು ತೆಗೆದುಕೊಂಡಿತು. ಫ್ರೆಂಚ್ ರಾಕ್ಸ್ ಭೂಪಟದಿಂದ ಹೋಯಿತು. ಮುಳುಗಿದ ಊರಿನಿಂದ ಜನರು ಏಳುವಾಗ ಬಾಗಿಲು ದೂಲಗಳಲ್ಲಿ ಒಯ್ಯಲಾದುದನ್ನು ಒಯ್ದರು, ಆಗದುದನ್ನು ಬಿಟ್ಟರು. ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಚಿನ್ನಪ್ಪ, ರಾಯಪ್ಪ, ಜೋಜಪ್ಪ ಎಂಬ ಹೆಸರುಗಳಿಗೆ ಗಾಡಿ ಬೇಕಾಗಲಿಲ್ಲ. ಅವು ಅವರೊಡನೆಯೇ ನಡೆದುಬಂದುವು.